ಪಟ್ಟೆಮಡಿಯೂ ವ್ಯಾಪಾರದ ಮಡಿಯೂ

ನಮ್ಮ ಮನೆಗಳಲ್ಲಿ ಪಟ್ಟೆಗೆ ಇರುವ ಮರ್ಯಾದೆ ಮತ್ತಾವ ಬಟ್ಟೆಗೂ ಇಲ್ಲ. ಹತ್ತಿಯ ಬಟ್ಟೆಯನ್ನು ದಿನದಿನವೂ ಒಗೆದು ಒಣಗಿಸಿದ ಹೊರತು ಮಡಿಗೆ ಬಾರದು. ಪಟ್ಟೆಯಾದರೋ ಒಮ್ಮೆ ಉಟ್ಟು ಮಡಿಸಿಟ್ಟರೂ ಮತ್ತೆ ಪೂಜೆಗೆ ಸಲ್ಲುವುದು. ಧಾರೆಗೆ, ಸೀಮಂತಕ್ಕೆ, ಗೌರಿಯ ಹಬ್ಬಕ್ಕೆ ಪಟ್ಟೆಯೇ ಆಗಬೇಕು. ದೊಡ್ಡಬೆಳವಂಗಲದಂತಹ ಹೋಬಳಿಯ ಊರಿನಲ್ಲಿಯೂ ಮದುವೆ ಗೊತ್ತಾದೊಡನೆ ಹಿರಿಯರು ಮೊದಲು ಯೋಚಿಸುವುದು, ಸೀರೆಗೆ ದೊಡ್ಡಬಳ್ಳಾಪುರಕ್ಕೆ ಹೋಗುವುದೋ ಬೆಂಗಳೂರಿಗೆ ಹೋಗುವುದೋ ಎಂಬುದನ್ನೇ. ಅಂಗಡಿಯಲ್ಲಿ ಕುಳಿತು ನಾವು ಎಳೆಯನ್ನು ಸುಟ್ಟು ಮೂಸಿ ನೋಡುತ್ತೇವೆ. ಜರಿಯನ್ನು ಉಜ್ಜಿ ನೋಡುತ್ತೇವೆ. ಬಣ್ಣ ಬಿಡುವುದೇ ಎಂದು ಎರಡು ಸಲ ಕೇಳುತ್ತೇವೆ. ಇಷ್ಟೆಲ್ಲ ಪರೀಕ್ಷೆ ಮಾಡುವ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಈ ಸೀರೆಯು ಯಾರ ಯಾರ ಕೈಯನ್ನು ದಾಟಿ ಬಂತು, ಆ ಕೈಗಳಿಗೆ ದೊರೆತುದೇನು ಎಂಬುದೇ ಆ ಪ್ರಶ್ನೆ. ಅದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ.

ಪಟ್ಟೆಯ ಹಾದಿ ಉದ್ದವಾದುದು. ಮೊದಲನೆಯದು ಹಿಪ್ಪುನೇರಳೆಯ ತೋಟ. ಅದರ ಸೊಪ್ಪನ್ನು ತಿಂದ ಹುಳು ನಾಲ್ಕು ಜ್ವರಗಳನ್ನು ದಾಟಿ, ಸುಮಾರು ೨೫ರಿಂದ ೨೮ ದಿನಗಳಲ್ಲಿ ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವುದು. ಗೂಡು ಮಾರುಕಟ್ಟೆಗೆ ಬಂದು, ಅಲ್ಲಿಂದ ನೂಲು ಬಿಚ್ಚುವವರ ಮನೆಗೆ ಹೋಗಿ, ಕುದಿನೀರಿನಲ್ಲಿ ಬೆಂದು ಎಳೆಯಾಗುವುದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕಾಗುವುದು. ಬಳಿಕ ಹುರಿ ಮಾಡುವವರು ಬೇರೆ, ಅಂಟು ತೆಗೆದು ಬಣ್ಣ ಹಾಕುವವರು ಬೇರೆ, ಜರಿ ಮಾಡುವವರು ಬೇರೆ, ನೇಯುವವರು ಬೇರೆ. ನಮ್ಮ ತಾಲ್ಲೂಕಿನ ಮುಖ್ಯ ಪಟ್ಟಣವಾದ ದೊಡ್ಡಬಳ್ಳಾಪುರದಲ್ಲಿ ರೇಷ್ಮೆಯನ್ನೂ ಕೃತಕ ನೂಲನ್ನೂ ನೇಯುವ ಸಾವಿರಾರು ಯಂತ್ರಮಗ್ಗಗಳು ಇರುವುದನ್ನು ವಾಚಕರು ಬಲ್ಲರು. ಅಲ್ಲಿಯ ಮಗ್ಗದ ಯಜಮಾನನು ಸೀರೆಯ ತಯಾರಕನೆನಿಸಿಕೊಂಡರೂ, ನೂಲು ಅವನ ಕೈಗೆ ಬರುವ ವೇಳೆಗೆ ನಾಲ್ಕಾರು ಮನೆಗಳನ್ನು ದಾಟಿರುವುದು. ಆ ಮನೆಗಳಲ್ಲಿ ನಡೆದುದಕ್ಕೆ ಅವನು ಹೊಣೆಯೇ, ಅಲ್ಲವೇ? ಲೋಕದ ದೊಡ್ಡ ದೊಡ್ಡ ಕಾರ್ಖಾನೆಗಳವರೆಲ್ಲ ಇಂದು ಎದುರಿಸುತ್ತಿರುವ ಪ್ರಶ್ನೆಯೂ ಇದೇ ಆಗಿದೆ.

ಈ ಹಾದಿಯ ಮೊದಲ ಮೆಟ್ಟಿಲಿಗೆ ಪ್ರಕೃತಿಯೇ ಒಬ್ಬ ತನಿಖೆದಾರನನ್ನು ನೇಮಿಸಿದೆ. ರೇಷ್ಮೆಹುಳು ಬಹು ಸೂಕ್ಷ್ಮ ಪ್ರಾಣಿ. ಸೊಪ್ಪಿಗೆ ಕೀಟನಾಶಕದ ಸೋಂಕು ತಗುಲಿದರೂ ಸಾಕು, ಸಾಕಣೆಮನೆಯ ಹುಳುಗಳೆಲ್ಲ ಸಾಯಬಹುದು. ಆದಕಾರಣ ರೈತನು ಯಾರ ಉಪದೇಶವೂ ಇಲ್ಲದೆ ತನ್ನ ತೋಟವನ್ನು ವಿಷದಿಂದ ಕಾಪಾಡಿಕೊಳ್ಳುವನು. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೂ ಅವನಿಗೆ ದಿಗಿಲು. ಆದರೆ ಮುಂದಿನ ಮೆಟ್ಟಿಲುಗಳಲ್ಲಿ ಇಂತಹ ಹುಳುವಿಲ್ಲ. ಅಲ್ಲಿ ತನಿಖೆದಾರನಾಗಬೇಕಾದವನು ಮನುಷ್ಯನೇ.

ಮನುಷ್ಯನು ಅಲ್ಲಿ ಏನನ್ನು ಮಾಡಬಲ್ಲನೆಂಬುದಕ್ಕೆ ಗೂಡಿನ ಮಾರುಕಟ್ಟೆಯೇ ಸಾಕ್ಷಿ. ಗೂಡು ಕಟ್ಟಿದ ಮೇಲೆ ರೈತನಿಗೆ ಕಾಯುವ ಅವಕಾಶವಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ಸೀಳಿ ಹೊರಬರುವುದು. ಸೀಳಿದ ಗೂಡಿನಿಂದ ಅಖಂಡವಾದ ಎಳೆ ಬಾರದು. ಹೀಗೆ ಮಾರಲೇಬೇಕಾದವನ ಎದುರಿಗೆ ಕೊಳ್ಳುವವನು ನಿಂತರೆ ಬೆಲೆಯನ್ನು ಗೊತ್ತುಮಾಡುವವರು ಯಾರೆಂದು ಹೇಳಬೇಕಾಗಿಲ್ಲ. ಹಿಂದೆ ವ್ಯಾಪಾರಿ ರೈತನ ಮನೆಬಾಗಿಲಿಗೇ ಬಂದು, ತನ್ನ ತಕ್ಕಡಿಯಲ್ಲಿ ತೂಗಿ, ತನಗೆ ತೋಚಿದ ಬೆಲೆ ಕಟ್ಟುತ್ತಿದ್ದನು. ೧೯೫೯ರ ಕಾಯಿದೆಯು ಇದಕ್ಕೆ ತಡೆ ಹಾಕಿತು. ಗೂಡು ಸರ್ಕಾರದ ಮಾರುಕಟ್ಟೆಯಲ್ಲಿಯೇ ಬಹಿರಂಗ ಹರಾಜಿನಲ್ಲಿ ಮಾರಾಟವಾಗಬೇಕು, ಕೊಳ್ಳುವವರು ಪರವಾನಗಿ ಪಡೆದಿರಬೇಕು ಎಂಬ ನಿಯಮ ಬಂದಿತು. ನಮ್ಮ ಜಿಲ್ಲೆಯ ವಿಜಯಪುರದಲ್ಲಿಯೂ, ನೆರೆಯ ಶಿಡ್ಲಘಟ್ಟದಲ್ಲಿಯೂ, ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದಲ್ಲಿಯೂ ಇಂತಹ ಮಾರುಕಟ್ಟೆಗಳುಂಟು. ತೂಕ ಎಲ್ಲರೆದುರಿಗೆ ಆಗುವುದು. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿರುವುದು. ಈಚೆಗೆ ಹರಾಜೂ ಹಣದ ಪಾವತಿಯೂ ವಿದ್ಯುನ್ಮಾನ ವಿಧಾನಕ್ಕೆ ತಿರುಗಿವೆ. ಸರಕನ್ನು ಒದಗಿಸುವ ದುರ್ಬಲನಿಗೆ ನೀತಿಯ ಉಪದೇಶಕ್ಕಿಂತ ನ್ಯಾಯವಾದ ತಕ್ಕಡಿಯೂ ತೆರೆದ ಬೆಲೆಯೂ ಹೆಚ್ಚಿನ ರಕ್ಷೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಆದರೆ ಮಾರುಕಟ್ಟೆಯ ಬಾಗಿಲನ್ನು ದಾಟಿದೊಡನೆ ಬೆಳಕು ಕಡಿಮೆಯಾಗುವುದು. ನೂಲು ಬಿಚ್ಚುವ ಮನೆಗಳು ಬಹುತೇಕ ಸಣ್ಣ ಮನೆಗಳು. ಒಲೆಯ ಉರಿ, ಹಬೆ, ಬೆಂದ ಹುಳುವಿನ ವಾಸನೆ. ಗೂಡು ಹದವಾಗಿ ಬೆಂದಿದೆಯೇ ಎಂದು ಬಿಸಿನೀರಿಗೆ ಬೆರಳು ಹಾಕಿ ನೋಡುವ ಕೆಲಸ. ೨೦೦೩ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದ ಮೇಲೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಇಂತಹ ಮನೆಗಳೂ ಸೇರಿದ್ದವು. ಆ ಬಿಸಿನೀರಿಗೆ ಬೆರಳು ಹಾಕುತ್ತಿದ್ದವರಲ್ಲಿ ಮಕ್ಕಳಿದ್ದರು. ತಂದೆತಾಯಿಗಳು ಕಷ್ಟಕಾಲದಲ್ಲಿ ಮುಂಗಡ ಪಡೆದಿದ್ದರಿಂದ ಸಾಲ ತೀರುವವರೆಗೂ ದುಡಿಯಬೇಕಾದವರು ಅವರು. ಜೀತವು ೧೯೭೬ರ ಕಾಯಿದೆಯಿಂದಲೇ ರದ್ದಾಗಿತ್ತು. ಬಾಲಕಾರ್ಮಿಕರ ಕಾಯಿದೆಯು ೧೯೮೬ರಲ್ಲಿ ಬಂದಿತ್ತು. ಕಾಗದದ ಮೇಲೆ ಎಲ್ಲವೂ ಇದ್ದಿತು. ಆದರೂ ಆ ಎಳೆಗಳು ನಮ್ಮ ಪಟ್ಟೆಯಲ್ಲಿ ಸೇರಿದ್ದವು. ೨೦೧೬ರ ತಿದ್ದುಪಡಿಯು ೧೪ ವರ್ಷದೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದಲೂ ಹೊರಗಿಟ್ಟು, ಶಾಲೆಯ ವೇಳೆಯ ಹೊರಗೆ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ವಿನಾಯಿತಿ ಕೊಟ್ಟಿದೆ. ಸ್ವಯಂಚಾಲಿತ ಯಂತ್ರಗಳೂ ಹಲವೆಡೆ ಬಂದಿವೆ. ಆದರೂ ಮೂಲ ಕಾರಣವನ್ನು ತಿಳಿಯದೆ ಮುಂದೆ ಹೋಗುವುದು ಸರಿಯಲ್ಲ.

ಆ ಕಾರಣವೇನು? ನೂಲು ಬಿಚ್ಚುವವನು ಕೇವಲ ದುಷ್ಟನೆಂದು ಹೇಳಿಬಿಡುವುದು ಸುಲಭ. ಆದರೆ ಅವನ ಲೆಕ್ಕದ ಪುಸ್ತಕವನ್ನು ನೋಡೋಣ. ಗೂಡಿಗೆ ಅವನು ಕೈಯಿಂದ ಹಣ ಕೊಡಬೇಕು; ನೂಲನ್ನು ಮಾತ್ರ ಅನೇಕ ವೇಳೆ ಸಾಲದ ಮೇಲೆ ಮಾರಬೇಕು. ಸೀರೆಯ ತಯಾರಕನು ಹಣವನ್ನು ತಡಮಾಡಿದರೆ, ಆ ತಡದ ಭಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ ಕೊನೆಗೆ ಒಲೆಯ ಮುಂದೆ ಕುಳಿತ ಕೂಲಿಯ ಮೇಲೆ ಬೀಳುವುದು. ಬೆಲೆ ಕುಸಿದರಂತೂ ಹೇಳತೀರದು. ೨೦೧೧ರಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಣ ಸುಂಕವನ್ನು ನೂರಕ್ಕೆ ೩೦ರಿಂದ ೫ಕ್ಕೆ ಇಳಿಸಿದಾಗ ಇಲ್ಲಿಯ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿಯಬೇಕಾಯಿತು. ಮೇಲೆ ಕುಳಿತವನು ಒಂದು ರೂಪಾಯಿ ಉಳಿಸಿದರೆ ಕೆಳಗಿನವನು ಅದನ್ನು ಯಾರಿಂದ ವಸೂಲು ಮಾಡಬೇಕು? ಮಗುವಿಗೆ ಕೊಡಬೇಕಾದ ಕೂಲಿ ಕಡಿಮೆ ಎಂಬ ಕಾರಣದಿಂದಲೇ ಮಗು ಒಲೆಯ ಮುಂದೆ ಬಂದಿತು. ಆದುದರಿಂದ ತಯಾರಕನ ನೀತಿಯನ್ನು ಅವನ ಗೋಡೆಯ ಮೇಲೆ ತೂಗಿಬಿಟ್ಟ ಪ್ರತಿಜ್ಞೆಯಲ್ಲಿ ನೋಡದೆ, ಅವನು ಕೊಡುವ ಬೆಲೆಯಲ್ಲಿಯೂ ಹಣ ಸಲ್ಲಿಸುವ ದಿನದಲ್ಲಿಯೂ ನೋಡತಕ್ಕದ್ದು.

ಇನ್ನು ನೀರಿನ ಮಾತು. ರೇಷ್ಮೆಯ ಅಂಟನ್ನು ಸಾಬೂನು ಸೋಡಗಳಲ್ಲಿ ಕುದಿಸಿ ತೆಗೆಯಬೇಕು. ಆಗ ಅದರ ತೂಕದಲ್ಲಿ ಕಾಲುಪಾಲಿನಷ್ಟು ಕರಗಿ ನೀರಿಗೆ ಹೋಗುವುದು. ಬಣ್ಣದ ನೀರು ಅದರ ಜೊತೆಗೆ ಸೇರುವುದು. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಮೇಲೆ ಹರಿದು ಹೋಗುವ ಅರ್ಕಾವತಿಯು ೧೮೯೪ರಲ್ಲಿ ಹೆಸರಘಟ್ಟದ ಮೂಲಕ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ನದಿ. ಇಂದು ಅದೇ ನದಿಯ ಪಾತ್ರದ ದೊಡ್ಡತುಮಕೂರು, ಮಜರಾಹೊಸಹಳ್ಳಿಗಳ ಜನರು ಪಟ್ಟಣದ ಚರಂಡಿಯ ನೀರೂ ಕೈಗಾರಿಕೆಗಳ ತ್ಯಾಜ್ಯವೂ ತಮ್ಮ ಕೆರೆಗಳಿಗೆ ಸೇರುತ್ತಿವೆಯೆಂದು ವರ್ಷಗಟ್ಟಲೆ ಹೋರಾಡಬೇಕಾಗಿ ಬಂದಿದೆ. ಕೆರೆಯ ಕೇಡಿಗೆ ಇಂತಹವರೊಬ್ಬರೇ ಕಾರಣರೆಂದು ಬೆರಳು ತೋರಿಸುವುದು ನಮ್ಮ ಉದ್ದೇಶವಲ್ಲ. ಬಣ್ಣ ಹಾಕಿಸುವವನು ‘ನೀರಿನ ಕೆಲಸ ಬಣ್ಣದವನದು, ನನ್ನದಲ್ಲ’ ಎಂದು ಕೈತೊಳೆದುಕೊಂಡರೆ, ಆ ತೊಳೆದ ನೀರು ಕೊನೆಗೆ ನಮ್ಮ ಕೆರೆಗೇ ಬರುವುದೆಂದಷ್ಟೆ ಹೇಳುತ್ತೇವೆ. ಈಗಿನವರು ಸುಸ್ಥಿರತೆಯೆಂದು ಕರೆಯುವುದು ಇದನ್ನೇ: ಮಕ್ಕಳ ಪಾಲಿನ ನೀರನ್ನೂ ನೆಲವನ್ನೂ ಇಂದೇ ಖರ್ಚುಮಾಡಿಬಿಡದಿರುವುದು.

ಕೊಳ್ಳುವವನು ಮನಸ್ಸು ಮಾಡಿದರೆ ಬಣ್ಣದ ಮನೆಯೂ ತಿದ್ದುಕೊಳ್ಳಬಲ್ಲುದೆಂಬುದಕ್ಕೆ ನಿದರ್ಶನ ಉಂಟು. ಕೆಲವು ಅಜೋ ಬಣ್ಣಗಳು ಚರ್ಮದ ಸಂಪರ್ಕದಲ್ಲಿ ಒಡೆದು ಕ್ಯಾನ್ಸರಿಗೆ ಕಾರಣವಾಗಬಲ್ಲ ಪದಾರ್ಥಗಳನ್ನು ಬಿಡುತ್ತವೆಂದು ತಿಳಿದಾಗ ಜರ್ಮನಿಯು ೧೯೯೪ರಲ್ಲಿ ಅವುಗಳನ್ನು ನಿಷೇಧಿಸಿತು. ಆ ಬಣ್ಣದ ಬಟ್ಟೆಗಳಿಗೆ ಅಲ್ಲಿ ಮಾರಾಟವಿಲ್ಲವೆಂದಾಯಿತು. ೧೯೯೭ರಲ್ಲಿ ಭಾರತ ಸರ್ಕಾರವೂ ಇಂತಹ ಬಣ್ಣಗಳನ್ನು ನಿಷೇಧಿಸಿತು. ದೂರದೇಶದ ಕೊಳ್ಳುವವರ ಒಂದು ‘ಬೇಡ’ ಎಂಬ ಮಾತು ನಮ್ಮ ಬೀದಿಯ ಬಣ್ಣದ ಹಂಡೆಯವರೆಗೂ ಬಂದು ಮುಟ್ಟಿತು.

ಹಾಗಾದರೆ ಮುದ್ರೆಯುಳ್ಳ ಸೀರೆಯನ್ನು ಕೊಂಡರೆ ಸಾಕಲ್ಲವೇ ಎಂದು ಗೃಹಿಣಿಯರು ಕೇಳಬಹುದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ೨೦೦೪ರಲ್ಲಿ ಆರಂಭವಾದ ‘ಸಿಲ್ಕ್ ಮಾರ್ಕ್’ ಮುದ್ರೆಯು ಬಹು ಉಪಯುಕ್ತವಾದುದು. ಕೃತಕ ನೂಲನ್ನು ರೇಷ್ಮೆಯೆಂದು ಮಾರುವ ಮೋಸಕ್ಕೆ ಅದು ತಡೆ. ಆದರೆ ಅದು ಸಾಕ್ಷಿ ಹೇಳುವುದು ನೂಲಿನ ಶುದ್ಧತೆಗೆ. ಬಿಚ್ಚಿದ ಕೈ ಎಷ್ಟು ವಯಸ್ಸಿನದೆಂದಾಗಲಿ, ಬಣ್ಣದ ನೀರು ಎಲ್ಲಿಗೆ ಹರಿಯಿತೆಂದಾಗಲಿ ಅದು ಹೇಳುವುದಿಲ್ಲ. ಹೇಳುವೆನೆಂದು ಮಾತು ಕೊಟ್ಟೂ ಇಲ್ಲ. ಯಾವ ಮುದ್ರೆಯಾದರೂ ತಾನು ಪರೀಕ್ಷಿಸಿದುದಕ್ಕೆ ಮಾತ್ರ ಹೊಣೆ. ಅದನ್ನು ಮರೆತು ಒಂದು ಮುದ್ರೆಯಿಂದ ಎಲ್ಲ ಪುಣ್ಯವೂ ಬಂದಿತೆಂದು ನೆಮ್ಮದಿಯಾಗಿರುವುದು ನಮ್ಮ ತಪ್ಪಾಗುವುದು.

ತಯಾರಕನು ತನ್ನ ಹಾದಿಯನ್ನು ಗಿಡ್ಡಮಾಡಿಕೊಂಡರೆ ಈ ಕೆಲಸ ಹಗುರವಾಗುವುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ೧೯೧೨ರಲ್ಲಿ ಸ್ಥಾಪಿತವಾಗಿ, ೧೯೮೦ರಿಂದ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮಕ್ಕೆ ಸೇರಿದ ಮೈಸೂರಿನ ನೇಯ್ಗೆಯ ಕಾರ್ಖಾನೆಯನ್ನು ಇಲ್ಲಿ ನೆನೆಯಬಹುದು. ಗೂಡನ್ನು ಸರ್ಕಾರದ ಮಾರುಕಟ್ಟೆಗಳಲ್ಲಿ ಕೊಂಡು, ತಿರುಮಕೂಡಲು ನರಸೀಪುರದ ತನ್ನದೇ ಕಾರ್ಖಾನೆಯಲ್ಲಿ ನೂಲು ತೆಗೆಸಿ, ಮೈಸೂರಿನಲ್ಲಿ ನೇಯಿಸುವುದು ಅದರ ಪದ್ಧತಿ. ಪ್ರತಿ ಸೀರೆಗೂ ತನ್ನದೇ ಸಂಖ್ಯೆಯುಂಟು. ಹೀಗಿರುವಲ್ಲಿ ‘ಈ ನೂಲು ಯಾರದು’ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಒಂದೇ ಯಜಮಾನಿಕೆಯ ಒಳಗೆ ದೊರಕುವುದು. ಜರಿಯನ್ನು ಮಾತ್ರ ಹೊರಗಿನಿಂದ ತರಿಸಬೇಕು. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ ಎದುರು ನಿಲ್ಲುವುದು. ಎರಡು ನಾಲ್ಕು ಮಗ್ಗವಿಟ್ಟುಕೊಂಡ ದೊಡ್ಡಬಳ್ಳಾಪುರದ ಯಜಮಾನನಿಗೆ ಎಲ್ಲವನ್ನೂ ಒಂದೇ ಸೂರಿನಡಿ ತರುವ ಶಕ್ತಿಯಿಲ್ಲ. ಅವನಿಗೆ ಬೇರೆ ಉಪಾಯ ಬೇಕು.

ಆ ಉಪಾಯವನ್ನು ಸಿದ್ಧ ಉಡುಪಿನ ದೊಡ್ಡ ವ್ಯಾಪಾರಿಗಳು ಬಹುಕಾಲದಿಂದ ನಡೆಸಿ ನೋಡಿದ್ದಾರೆ. ದೊಡ್ಡಬಳ್ಳಾಪುರದ ಅಪ್ಪಾರೆಲ್ ಪಾರ್ಕಿನಂತಹ ಎಡೆಗಳಲ್ಲಿ ಹೊಲಿದ ಬಟ್ಟೆ ಕಡಲಾಚೆಗೆ ಹೋಗುವುದು. ಹೊರದೇಶದ ವ್ಯಾಪಾರಿಯು ಒಂದು ನೀತಿಸಂಹಿತೆಯನ್ನು ಬರೆದು, ಮಕ್ಕಳಿಂದ ಕೆಲಸ ಮಾಡಿಸಕೂಡದು, ಕನಿಷ್ಠ ಕೂಲಿ ಕೊಡಬೇಕು, ಬೆಂಕಿ ಬಿದ್ದರೆ ಹೊರಬರಲು ಬಾಗಿಲಿರಬೇಕು ಎಂದು ವಿಧಿಸಿ, ತನಿಖೆದಾರರನ್ನು ಕಳುಹಿಸುವನು. ಒಳ್ಳೆಯ ಪದ್ಧತಿಯೇ, ಆದರೆ ಸಾಲದು. ಕರಾಚಿಯ ಒಂದು ಉಡುಪಿನ ಕಾರ್ಖಾನೆಗೆ ೨೦೧೨ರ ಆಗಸ್ಟಿನಲ್ಲಿ ಉತ್ತಮ ನಡವಳಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು; ಸೆಪ್ಟೆಂಬರ್ ೧೧ರಂದು ಅದೇ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ೨೫೦ಕ್ಕೂ ಹೆಚ್ಚು ಮಂದಿ ಮಡಿದರು. ನಮ್ಮ ನಾಡಿನಲ್ಲಿಯೇ, ೨೦೨೦ರ ಏಪ್ರಿಲ್‌ನಿಂದ ಸಲ್ಲಬೇಕಾದ ತಿಂಗಳಿಗೆ ಸುಮಾರು ೪೧೭ ರೂಪಾಯಿಗಳ ತುಟ್ಟಿಭತ್ಯವನ್ನು ಅನೇಕ ಉಡುಪಿನ ಕಾರ್ಖಾನೆಗಳು ಕೊಡಲಿಲ್ಲ. ಸುಮಾರು ನಾಲ್ಕು ಲಕ್ಷ ಕಾರ್ಮಿಕರಿಗೆ ಇದರಿಂದ ನಷ್ಟವಾಯಿತೆಂದು ಕಾರ್ಮಿಕರ ಹಕ್ಕುಗಳನ್ನು ಗಮನಿಸುವ ಸಂಸ್ಥೆಯೊಂದು ಲೆಕ್ಕ ಹಾಕಿತು. ಉಚ್ಚ ನ್ಯಾಯಾಲಯವು ೨೦೨೦ರ ಸೆಪ್ಟೆಂಬರಿನಲ್ಲಿ ಕೊಡಬೇಕೆಂದು ಆಜ್ಞೆಮಾಡಿತು. ಆದರೂ ದೊಡ್ಡ ಕಾರ್ಖಾನೆಗಳು ಬಾಕಿಯನ್ನು ಒಪ್ಪಿಕೊಂಡದ್ದು ೨೦೨೨ರ ಆರಂಭದಲ್ಲಿ. ಈ ಕಾಲದಲ್ಲೆಲ್ಲ ಕೊಳ್ಳುವವರ ನೀತಿಸಂಹಿತೆಗಳು ಗೋಡೆಯ ಮೇಲೆ ಇದ್ದೇ ಇದ್ದವು.

ಇಂತಹ ಅನುಭವಗಳಿಂದಲೇ ಈಚೆಗೆ ಕಾನೂನು ಮುಂದೆ ಬಂದಿದೆ. ಜರ್ಮನಿಯಲ್ಲಿ ದೊಡ್ಡ ಸಂಸ್ಥೆಗಳು ತಮಗೆ ಸರಕು ಒದಗಿಸುವವರ ನಡತೆಯನ್ನು ವಿಚಾರಿಸಿಕೊಳ್ಳಬೇಕೆಂಬ ಕಾಯಿದೆಯು ೨೦೨೩ರ ಜನವರಿ ೧ರಿಂದ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಷೇರು ಪೇಟೆಯ ಮೊದಲ ಒಂದು ಸಾವಿರ ಕಂಪೆನಿಗಳು ಈ ವಿಷಯಗಳ ವರದಿಯನ್ನು ಪ್ರಕಟಿಸಬೇಕೆಂದು ಸೆಬಿಯು ೨೦೨೨–೨೩ರಿಂದ ಕಡ್ಡಾಯ ಮಾಡಿತು.

ಸಣ್ಣ ತಯಾರಕನಿಗೆ ಇವುಗಳಿಂದ ತೆಗೆದುಕೊಳ್ಳತಕ್ಕ ಪಾಠಗಳು ಹೆಚ್ಚೇನಲ್ಲ. ಮೊದಲನೆಯದು, ತನ್ನ ನೂಲು ಹಾದುಬಂದ ಮನೆಗಳನ್ನೆಲ್ಲ ಹೆಸರು ಹಿಡಿದು ಒಂದು ಪುಸ್ತಕದಲ್ಲಿ ಬರೆದಿಡುವುದು. ಹೆಸರು ತಿಳಿಯದ ಕಡೆಯಲ್ಲಿಯೇ ಕೇಡು ಅಡಗಿರುವುದು. ಎರಡನೆಯದು, ನ್ಯಾಯವಾದ ಕೂಲಿಗೆ ಸಾಲುವ ಬೆಲೆಯನ್ನು ಕೊಟ್ಟು ಹೇಳಿದ ದಿನ ಹಣ ಸಲ್ಲಿಸುವುದು. ಬೆಲೆಯನ್ನು ಕಿತ್ತುಕೊಂಡು ನೀತಿಯನ್ನು ಕೇಳುವುದು, ಹಸುವಿಗೆ ಹುಲ್ಲು ಹಾಕದೆ ಹಾಲು ಕೇಳಿದಂತೆ. ಮೂರನೆಯದು, ಮುಂಚಿತವಾಗಿ ತಿಳಿಸದೆ ಹೋಗಿ ನೋಡುವುದು. ಕೆಲಸಗಾರರ ಮಾತನ್ನು ಯಜಮಾನನ ಮರೆಯಲ್ಲಿ ಕೇಳುವುದು. ನಾಲ್ಕನೆಯದು, ಬಣ್ಣದವನು ನೀರನ್ನು ಶುದ್ಧಿಮಾಡುವ ವೆಚ್ಚದಲ್ಲಿ ತಾನೂ ಪಾಲು ಹೊರುವುದು. ಒಬ್ಬೊಬ್ಬರಿಗೆ ಭಾರವಾದುದು ಹತ್ತು ಮಗ್ಗದ ಯಜಮಾನರು ಸೇರಿದರೆ ಹಗುರವಾಗುವುದು.

ತಪ್ಪು ಕಂಡುಬಂದಾಗ ಏನು ಮಾಡಬೇಕೆಂಬುದು ಇವೆಲ್ಲಕ್ಕಿಂತ ಕಠಿಣವಾದ ಮಾತು. ‘ಇನ್ನು ನಿನ್ನ ಸಹವಾಸ ಬೇಡ’ ಎಂದು ಒಡನೆಯೇ ವ್ಯವಹಾರ ಕಡಿದುಕೊಳ್ಳುವುದು ಶುದ್ಧವಾದ ದಾರಿಯೆಂದು ತೋರುವುದು. ಆದರೆ ೧೯೯೩ರ ಸುಮಾರಿಗೆ, ಮಕ್ಕಳು ದುಡಿದ ವಸ್ತುಗಳನ್ನು ತಡೆಯುವ ಮಸೂದೆ ಅಮೆರಿಕೆಯಲ್ಲಿ ಬರುವುದೆಂಬ ಭಯದಿಂದ ಬಾಂಗ್ಲಾದೇಶದ ಉಡುಪಿನ ಕಾರ್ಖಾನೆಗಳು ಸುಮಾರು ೫೦,೦೦೦ ಮಕ್ಕಳನ್ನು ಹೊರಹಾಕಿದವು. ಅವರಲ್ಲಿ ಹಲವರು ಶಾಲೆಗೆ ಹೋಗದೆ ಕಲ್ಲು ಒಡೆಯುವಂತಹ ಇನ್ನೂ ಕೀಳಾದ ಕೆಲಸಗಳಿಗೆ ಬಿದ್ದರೆಂದು ಯುನಿಸೆಫ್ ತಿಳಿಸಿತು. ೧೯೯೫ರಲ್ಲಿ ಒಂದು ಒಪ್ಪಂದವಾಗಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಮನೆಗೆ ತಿಂಗಳ ಸಹಾಯಧನ ಕೊಡುವ ಏರ್ಪಾಡು ಆಯಿತು. ಕೈತೊಳೆದುಕೊಳ್ಳುವುದರಿಂದ ಕೊಳ್ಳುವವನ ಹೆಸರು ಉಳಿಯಬಹುದು. ಮಗುವು ಉಳಿಯುವುದು ಜೊತೆಯಲ್ಲಿ ನಿಂತು ತಿದ್ದುವುದರಿಂದ. ಗಡುವು ಕೊಟ್ಟು, ನೆರವನ್ನೂ ಕೊಟ್ಟು, ಆಮೇಲೂ ತಿದ್ದಿಕೊಳ್ಳದವನನ್ನು ಬಿಡುವುದೇ ನಮಗೆ ನ್ಯಾಯವಾಗಿ ಕಾಣುವುದು.

ಕೊನೆಯಲ್ಲಿ ನಮ್ಮ ಮನೆಯ ಮಾತು. ಗೃಹಸ್ಥನೂ ಒಂದು ಬಗೆಯ ತಯಾರಕನೇ. ಅವನ ಮನೆಗೂ ಹಾಲು, ತರಕಾರಿ, ಬಟ್ಟೆ, ದುಡಿಮೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ೨೦೦೬ರ ಅಕ್ಟೋಬರಿನಿಂದಲೇ ಸರ್ಕಾರ ನಿಷೇಧಿಸಿದೆ. ತನ್ನ ಅಡಿಗೆಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯಿಂದ ಪಾತ್ರೆ ತೊಳೆಸುತ್ತ ನೂಲು ಬಿಚ್ಚುವವನನ್ನು ಬೈಯುವುದು ಯಾರಿಗೂ ಶೋಭಿಸದು. ಮಗ್ಗದವನಿಗೆ ಕೊಡಬೇಕಾದ ಹಣವನ್ನು ಹಬ್ಬ ಕಳೆಯಲೆಂದು ತಡೆದಿಡುವುದೂ, ಆಗಲೇ ಕುಗ್ಗಿದ ಬೆಲೆಯಲ್ಲಿ ಇನ್ನೂ ಇನ್ನೂರು ಕಳೆಯೆಂದು ಹಟ ಹಿಡಿಯುವುದೂ ಅದೇ ಜಾತಿಯವು.

ಆದುದರಿಂದ ಸಹೋದರಿಯರು ಮುಂದಿನ ಸಲ ಪಟ್ಟೆ ಕೊಳ್ಳುವಾಗ ಎಳೆಯನ್ನು ಸುಟ್ಟು ನೋಡುವುದರೊಂದಿಗೆ ಎರಡು ಮಾತು ಹೆಚ್ಚಾಗಿ ಕೇಳಲಿ: ನೂಲು ಎಲ್ಲಿಯದು, ಬಣ್ಣ ಯಾರ ಮನೆಯದು? ಅಂಗಡಿಯವನಿಗೆ ಉತ್ತರ ತಿಳಿಯದಿರಬಹುದು. ಒಬ್ಬರು ಕೇಳಿದರೆ ನಗುವನು. ಹತ್ತು ಮಂದಿ ಕೇಳಿದರೆ ತನಗೆ ಸರಕು ಕೊಟ್ಟವನನ್ನು ತಾನೂ ಕೇಳುವನು. ಅವನು ತನ್ನ ನೂಲಿನವನನ್ನು ಕೇಳುವನು. ಹೀಗೆ ಪ್ರಶ್ನೆಯು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಒಲೆಯ ಮುಂದಿನವರೆಗೂ ಹೋಗಬೇಕು. ಅದರ ಹಿಂದೆಯೇ ನ್ಯಾಯವಾದ ಬೆಲೆಯೂ ಇಳಿಯಬೇಕು. ಆ ಕೈಗಳಿಗೆ ನೋವಾಗದಂತೆ ಬಂದ ಪಟ್ಟೆಯೇ ನಿಜವಾಗಿ ಮಡಿಗೆ ಸಲ್ಲತಕ್ಕದ್ದು.